ಕರಾಬಾಲಿಕ್ ಬೇಯಿಸುವ ಕುಲ್ಯಾಶ್ ಅಪಾ

ಇಲೆ ನದಿಯ ಜೊಂಡಿನ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೇಟೆಗಾರರ ಬಿಡಾರದ ಮುಂದೆ ಕುಲ್ಯಾಶ್ ಅಪಾ ಕುಕ್ಕರುಗಾಲಲ್ಲಿ ಕುಳಿತು ಕರಾಬಾಲಿಕ್ ಮೀನಿನ ಹೊಟ್ಟೆ ಸೀಳುತ್ತಿದ್ದಾರೆ. ಒಳಗಿನ ಕಪ್ಪು ಪೊರೆಯನ್ನು ಕೆರೆದು, ಉಪ್ಪು ಹಾಕಿ ಉಜ್ಜಿ, ಮತ್ತೆ ಕೆರೆಯುತ್ತಾರೆ. ತತ್ತಿಯ ಗೊಂಚಲನ್ನು ಮಾತ್ರ ಉಸಿರು ಬಿಗಿಹಿಡಿದು ಎತ್ತಿ ತಗಡಿನ ಡಬ್ಬಿಗೆ ಹಾಕುತ್ತಾರೆ. ಆ ತತ್ತಿ ವಿಷ. ಬೇಯಿಸಿದರೂ ವಿಷ, ಹುರಿದರೂ ವಿಷ.

"ನಾಯಿಗೂ ಹಾಕಲ್ಲ. ಸುಟ್ಟು ಹೂಳೋದೇ," ಎನ್ನುತ್ತಾರೆ.

ಕಾಡುಕೋಳಿ, ಬಾತು, ಮೊಲ, ಮೀನು, ಈ ದಂಡೆಯಲ್ಲಿ ಏನು ಸಿಕ್ಕರೂ ಸೇರುವುದು ಎಲ್ಲರೂ ಅಪಾ, ಅಂದರೆ ಅಕ್ಕ, ಎಂದು ಕರೆಯುವ ಅರವತ್ತು ದಾಟಿದ ಈ ಹೆಂಗಸಿನ ಕಬ್ಬಿಣದ ಕಡಾಯಿಗೆ. ಹೊಡೆದವನ ಹೆಸರನ್ನು ಊರೆಲ್ಲ ಕೊಂಡಾಡುತ್ತದೆ, ಬೇಯಿಸಿದವರನ್ನು ಯಾರು ಕೇಳುತ್ತಾರೆ? ಪತ್ರಿಕೆಗೆ ಬರೆಯುವ ನಾನೂ ಇಷ್ಟು ವರ್ಷ ತಿಂದು ತೇಗಿ ಎದ್ದುಹೋದವನೇ.

"ಈಗ್ಲೂ ಭಯ ಆಗುತ್ತಾ ಅಪಾ?"

"ಭಯ ಹೋದ ದಿನ ಚಾಕು ಕೆಳಗಿಡ್ತೀನಿ. ನನ್ನ ತಂಗಿ ಈ ತತ್ತಿ ತಿಂದೇ ಹೋದ್ಲು. ಚಿಕ್ಕೋಳು, ಹಸಿವಿತ್ತು, ತಿಂದ್ಲು."

ದೋಣಿಯಿಂದ ಬೇಟೆಗಾರ ಓರಾಜ್ ಕೂಗುತ್ತಾನೆ. "ಒಂದು ಮೀನಿಗೆ ಇಷ್ಟು ಹೊತ್ತಾ ಅಪಾ? ಅಷ್ಟರಲ್ಲಿ ನಾನು ಇನ್ನೊಂದು ಮದ್ವೆ ಆಗಿ ಬರ್ತಿದ್ದೆ!"

"ಇರೋಳೇ ನಿಂಗೆ ಊಟ ಹಾಕ್ತಿಲ್ಲ, ಅದಕ್ಕೇ ಇಲ್ಲಿ ಬಿದ್ದಿದೀಯ," ಎನ್ನುತ್ತ ಅಪಾ ಅವನು ತಂದ ಕಾಡುಕೋಳಿಗಳನ್ನು ತರಲು ನದಿಗಿಳಿಯುತ್ತಾರೆ. ನಾನೂ ಹಿಂದೆ ಹೋಗುತ್ತೇನೆ.

ಮರಳಿ ಬರುವಾಗ ಬೆಣ್ಣೆಯಲ್ಲಿ ಈರುಳ್ಳಿ ಬಾಡುವ ಘಮ. ಅಪಾ ಕೈಯಲ್ಲಿದ್ದ ಹಕ್ಕಿಗಳು ನೆಲಕ್ಕೆ ಬೀಳುತ್ತವೆ. ಒಲೆಯ ಮುಂದೆ ಅಪಾ ಅವರ ಹೊಸ ಸೊಸೆ ಅಕ್ಮರಾಲ್, ಬಾಣಲೆಯಲ್ಲಿ ಹೊಂಬಣ್ಣದ ತತ್ತಿ, ಪಕ್ಕದಲ್ಲಿ ಖಾಲಿ ಡಬ್ಬಿ. ಅವಳು ಕ್ಯಾಸ್ಪಿಯನ್ ಕಡಲ ಕಡೆಯ ಹುಡುಗಿ. ಅವಳ ತವರಲ್ಲಿ ತತ್ತಿಯನ್ನು ಎಸೆಯುವವರೇ ಇಲ್ಲ, ಅದನ್ನು ಹಿರಿಯರ ತಟ್ಟೆಗೆ ಮೊದಲು ಬಡಿಸುತ್ತಾರೆ.

"ನೀವು ಎಸೀತೀರಲ್ಲಾ ಅಂತ... ನಿಮಗೇ ಮಾಡ್ದೆ ಅಪಾ."

"ಬಾಯಿಗೆ ಹಾಕ್ಕೊಂಡ್ಯಾ?"

"ಉಪ್ಪು ನೋಡ್ದೆ."

ನಮ್ಮ ಹಿಂದೆಯೇ ಬಂದ ಓರಾಜ್ ಜೀಪು ಹತ್ತಿ ವೈದ್ಯೆಯನ್ನು ಕರೆತರಲು ಓಡುತ್ತಾನೆ. ಬಿಸಿಲೇರುವ ಹೊತ್ತಿಗೆ ಹುಡುಗಿಗೆ ವಾಂತಿ ಶುರುವಾಗಿದೆ, ತುಟಿ ಬಿಳಿಚಿಕೊಂಡಿದೆ, ಬೆರಳು ತಣ್ಣಗಾಗಿವೆ. ವೈದ್ಯೆ ಬಂದು ಸೂಜಿ ಚುಚ್ಚಿ ಸಲೈನ್ ಬಾಟಲಿ ಏರಿಸುತ್ತಾರೆ. "ಒಳಗೆ ಹೋಗಿರೋದು ಸ್ವಲ್ಪಾನೇ. ಆದ್ರೂ ಸಂಜೆವರೆಗೆ ನಾನೇನೂ ಹೇಳಲ್ಲ," ಎನ್ನುತ್ತಾರೆ.

ಈ ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಹಾಗಾಗಿ ಹೊರಗಿನಿಂದ ಬಂದವಳಿಗೂ ಯಾರೂ ಹೇಳಲಿಲ್ಲ. ಅಪಾ ಹೇಳಲಿಲ್ಲ, ಅವಳ ಗಂಡನಾದ ಅಪಾ ಅವರ ಮಗ ಹೇಳಲಿಲ್ಲ, ಪಕ್ಕದಲ್ಲೇ ಕೂತಿದ್ದ ನಾನೂ ಹೇಳಲಿಲ್ಲ.

ಇವತ್ತು ಒಲೆ ಆರಿದೆ. ಬೇಟೆಗಾರರು ಒಣ ರೊಟ್ಟಿ ಅಗಿಯುತ್ತ ದೂರ ಕುಳಿತಿದ್ದಾರೆ. ಅಪಾ ಸೊಸೆಯ ಮೂಗಿನ ಬಳಿ ಮತ್ತೆ ಮತ್ತೆ ಬೆರಳಿಟ್ಟು ಉಸಿರು ನೋಡುತ್ತಾರೆ. ಪತ್ರಿಕೆಯವನ ಹಾಳು ಚಟ, ಅಂಥ ಹೊತ್ತಿನಲ್ಲೂ ನಾನು ಕೇಳಿಬಿಡುತ್ತೇನೆ. "ನಿಮಗೇನು ಆಸೆ ಅಪಾ?"

ಅವರು ತಲೆ ಎತ್ತುವುದಿಲ್ಲ.

"ನಮ್ಮಲ್ಲಿ ಸೊಸೆ ಅತ್ತೆಗೆ ಎದುರು ಮಾತಾಡಲ್ಲ. ಇವ್ಳು ಎದ್ದು ಕೂತು, 'ಯಾಕೆ ಮೊದ್ಲೇ ಹೇಳ್ಲಿಲ್ಲ ಮುದುಕಿ' ಅಂತ ಊರಿಗೆಲ್ಲ ಕೇಳೋ ಹಾಗೆ ನನ್ನ ಬೈಬೇಕು. ಅಷ್ಟೇ."