ನೊಣ ಕೂಡದ ಸೀಗಡಿ

ಸಿಂದಗಿ ಸಂತೆಯಲ್ಲಿ ಒಣಸೀಗಡಿ ಮಾರುವ ಹುಲಿಗೆವ್ವನಿಗೆ ತಕ್ಕಡಿಗಿಂತ ಮೂಗೇ ದೊಡ್ಡದು. ಒಂದು ಹಿಡಿ ಮೂಸಿದರೆ ಸಾಕು, ಅದು ಯಾವ ಬಂದರದ್ದು, ಲಾರಿಯವ ದಾರಿಯಲ್ಲಿ ಎಲ್ಲಿ ಮಲಗಿದ್ದ ಅನ್ನುವುದನ್ನೂ ಹೇಳುತ್ತಾಳೆ. ಚೌಕಾಶಿಗೆ ನಿಂತವರನ್ನು "ನಾತ ಪುಕ್ಕಟ ಐತಿ, ಮೂಸಿ ಹೋಗೋ ಯಪ್ಪಾ" ಎಂದು ಬಯ್ಯುತ್ತಲೇ ಟವಲಿನಿಂದ ನೊಣ ಹೊಡೆಯುತ್ತಾಳೆ. ಈ ವರ್ಷ ಬಂದ ರಾಶಿಗೆ ನಾತವಿಲ್ಲ, ನೊಣವೂ ಕೂಡುತ್ತಿಲ್ಲ. ಕಾಲೇಜು ಓದುವ ಮಗಳು ಶಿವಾನಿ ಸೂಕ್ಷ್ಮದರ್ಶಕದಲ್ಲಿ ನೋಡಿಬಂದು, "ಯವ್ವಾ, ಇವುಗಳ ಹೊಟ್ಟಿ ತುಂಬ ಪ್ಲಾಸ್ಟಿಕ್ ಪುಡಿ ಐತಿ. ಕೊಳಸೋ ಜೀವಾಣುಗಳೇ ಬದಲಾದಂಗ ಕಾಣತೈತಿ, ಅದಕ್ಕ ನಾತ ಇಲ್ಲ" ಅಂದಳು. "ಸತ್ತದ್ದು ನಾರಬೇಕವ್ವಾ, ಇದೇನೋ ಬ್ಯಾರೆ ಐತಿ" ಎಂದ ಹುಲಿಗೆವ್ವ ಅಂದಿನಿಂದ ಒಂದು ಹಿಡಿಯನ್ನೂ ಮಾರಿಲ್ಲ. ರಾಶಿಯನ್ನು ಮೂಲೆಗೆ ಸರಿಸಿ, ಖಾಲಿ ಬುಟ್ಟಿಯ ಮುಂದೆ ಕೂತು ಇಲ್ಲದ ನೊಣ ಹೊಡೆಯುತ್ತಾಳೆ. ನಾವು ಬಿಸಾಡಿದ ಕ್ಯಾರಿಬ್ಯಾಗೇ ಹಳ್ಳ, ಹೊಳೆ ದಾಟಿ ಕಡಲು ಸೇರಿದ್ದು. ಈಕೆ ಇನ್ನೇನು ಮಾರಿ ಉಣ್ಣಬೇಕು, ನೀವೇ ಹೇಳ್ರಿ.