ಕಂಪನಿ ಓಣಿಯ ಚರಗ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುವವಳು ನಾನು. ಚಿಕ್ಕಂದಿನಿಂದಲೂ ಹಾಗೆಯೇ. ಹುಣಸೆಮರದ ಕೆಳಗೆ ಬಿಳಿ ಸೀರೆಯವಳು ನಿಂತಿದ್ದಳು ಎಂದು ಗೆಳತಿಯರು ಹೇಳಿದರೆ, ಸೀರೆಯ ಅಂಚು ಯಾವ ಬಣ್ಣದ್ದು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನನ್ನ ಸ್ವಭಾವ ಬದಲಾಗಿಲ್ಲ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಆದರೆ ಕೇಳಿದ್ದು ನನ್ನ ಕಿವಿ, ಅದೂ ಹಾಡುಹಗಲು, ಹೊಟ್ಟೆ ಚುರುಗುಟ್ಟುವ ಹೊತ್ತಿನಲ್ಲಿ.

ಮೊದಲು ನಮ್ಮ ಓಣಿಯ ಸಂಗತಿ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಲ್ಲದೆ ಅದನ್ನು ಹೇಳುವುದೆಂದರೆ ನನಗೆ ಇಷ್ಟ.

ಕೊಪ್ಪಳದ ರೈಲು ಸ್ಟೇಷನ್ನಿನಿಂದ, ಈಗ ಭಾಗ್ಯನಗರವಿರುವ ಕಡೆಗೆ ಹೋಗುವಾಗ, ಹಳಿಯ ಪಕ್ಕದಲ್ಲಿ ಒಂದು ಹತ್ತಿ ಕಂಪನಿ ಇತ್ತು. ಮುಂಬೈಯ ಸಾಹುಕಾರರದು. ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳ ಹತ್ತಿ ಅಂಡಿಗೆಗಳಲ್ಲಿ ತುಂಬಿ ಬಂಡಿಯ ಮೇಲೆ ಬರುತ್ತಿತ್ತು. ಇಲ್ಲಿ ಜಿನ್ನಿನಲ್ಲಿ ಕಾಳು ಬೇರೆ ಅರಳೆ ಬೇರೆ ಆಗಿ, ಪ್ರೆಸ್ಸಿನಲ್ಲಿ ಒತ್ತಿಸಿಕೊಂಡು ಕಲ್ಲಿನಂಥ ಬೇಲಾಗಿ ರೈಲು ಹತ್ತುತ್ತಿತ್ತು. ಕಂಪನಿಯ ಕಾಂಪೌಂಡಿನ ಹಿಂದೆ, ಬಂಡೆಗುಡ್ಡದ ಬುಡದಲ್ಲಿ, ಕೆಲಸದವರಿಗೆಂದು ಮೂರು ಸಾಲು ಹಂಚಿನ ಮನೆಗಳನ್ನು ಕಟ್ಟಿಸಿದ್ದರು. ಅದೇ ಕಂಪನಿ ಓಣಿ. ನಾನು ಹುಟ್ಟಿದ್ದು ಅಲ್ಲಿ. ಅಪ್ಪ ಕಂಪನಿಯಲ್ಲಿ ಫಿಟ್ಟರ್. ಇಂಜಿನ್ನು ಕೆಮ್ಮಿದರೆ ಸಾಕು, ಮ್ಯಾನೇಜರರು ಅಪ್ಪನನ್ನು ಊಟದಿಂದ ಎಬ್ಬಿಸಿ ಕರೆಸುತ್ತಿದ್ದರು.

ಮೊದಲನೆಯದು ಯಲಬುರ್ಗಾ ಸಾಲು, ನಡುವಿನದು ಕುಷ್ಟಗಿ ಸಾಲು, ಗುಡ್ಡಕ್ಕೆ ಹತ್ತಿದ್ದು ಗಂಗಾವತಿ ಸಾಲು. ಯಾವ ಕಡೆಯಿಂದ ಬಂದವರು ಯಾವ ಸಾಲಿನಲ್ಲಿ ಇಳಿದರೋ ಅದೇ ಹೆಸರು ಉಳಿಯಿತು. ನಮ್ಮದು ಯಲಬುರ್ಗಾ ಸಾಲು, ಜೋಳದ ರೊಟ್ಟಿಯವರು. ಕುಷ್ಟಗಿ ಸಾಲಿನವರು ಸಜ್ಜೆರೊಟ್ಟಿ ಬಡಿಯುವವರು. ಗಂಗಾವತಿ ಸಾಲಿನವರು ದಿನಾ ಅನ್ನ ಉಣ್ಣುತ್ತಾರೆಂದು ನಮಗೆ ಹೊಟ್ಟೆಕಿಚ್ಚು. ಅವರ ನೆಂಟರು ಆನೆಗೊಂದಿಯಿಂದ ಬಾಳೆಗೊನೆ ಹೊತ್ತು ಬಂದ ದಿನ ಮಾತ್ರ ಆ ಹೊಟ್ಟೆಕಿಚ್ಚು ಮರೆತು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಇಷ್ಟು ಕಡೆಯ ಜನ ಒಂದು ಬಾವಿಯ ನೀರು ಕುಡಿದು ಬಾಳಿದ ಜಾಗ ಆಗ ನಮ್ಮ ಸುತ್ತಮುತ್ತ ಮತ್ತೊಂದಿರಲಿಲ್ಲ. ಕೊಪ್ಪಳದ ಪೇಟೆಯಲ್ಲಿ ಕಂದೀಲು ಉರಿಯುತ್ತಿದ್ದಾಗ ನಮ್ಮ ಕಂಪನಿಯ ಅಂಗಳದಲ್ಲಿ ಬಿಜಲಿ ದೀಪ ಉರಿಯುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಆದರೂ ಸುತ್ತಲಿನ ರೈತರು ನಮ್ಮನ್ನು ಊರಿನವರೆಂದು ಎಣಿಸುತ್ತಿರಲಿಲ್ಲ. ಊರೆಂದರೆ ಸೀಮೆ ಇರಬೇಕು, ಹೊಲ ಇರಬೇಕು. ನಮಗೆ ಅಂಗೈಯಗಲ ಹೊಲವಿರಲಿಲ್ಲ. ಕಂಪನಿಯ ಬೇಲಿಗೆ ಹತ್ತಿದ ಹೊಲದ ನಿಂಗಪ್ಪ ಎಂಬ ರೈತನಂತೂ ನಮ್ಮನ್ನು ಕಂಡಾಗಲೆಲ್ಲ "ಸೀಮಿ ಇಲ್ಲದ ಮಂದಿ" ಎಂದೇ ಮಾತು ಶುರು ಮಾಡುತ್ತಿದ್ದ.

ಎಳ್ಳು ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ರೈತರೆಲ್ಲ ಮನೆಮಂದಿಯನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಮಾಡಿ ತಂದ ಅಡಿಗೆಯನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಮುಂದೆ ಹೋಗುವವನು ಅಡಿಗೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ" ಎಂದು ಓಗೊಡುತ್ತಾರೆ. ಊರಿಂದೂರಿಗೆ ಈ ಕೂಗು ಸ್ವಲ್ಪ ಬೇರೆಯಾಗುತ್ತದೆ. ನಮ್ಮ ಓಣಿಯಲ್ಲಿ ಹೀಗಿತ್ತು. ಒಬ್ಬರದು ಒಂದು ಮಾತು, ಉಳಿದವರದು ಇನ್ನೊಂದು. ಇದನ್ನು ನೆನಪಿನಲ್ಲಿಡಿ.

ಓಣಿಯ ಮೊದಲ ವರ್ಷ ಹೆಂಗಸರು ಹಬ್ಬದ ಅಡಿಗೆ ಮಾಡಿ ಮುಗಿಸಿ, ಎಲ್ಲಿಗೆ ಹೋಗಿ ಚೆಲ್ಲುವುದೆಂದು ತಿಳಿಯದೆ ಕಟ್ಟೆಯ ಮೇಲೆ ಕೂತರಂತೆ. ಆಗ ನಮ್ಮ ಅಜ್ಜಿ ಎದ್ದು ನಿಂತು, "ನಾವು ಉಣ್ಣೂದು ಯಾರ ಅನ್ನ? ಈ ಕಂಪನಿದು. ಅಂದಮ್ಯಾಲ ಇದಽ ನಮ್ಮ ಹೊಲ. ಬುಟ್ಟಿ ಎತ್ತರ್ರಿ" ಅಂದಳಂತೆ. ಮೂರು ಸಾಲಿನ ಜನವೂ ಎದ್ದು ಕಂಪನಿಯ ಕಾಂಪೌಂಡನ್ನು ಸುತ್ತಿದರು. ಬಾಯ್ಲರ್ ಮನೆಗೆ, ಜಿನ್ನಿಗೆ, ಪ್ರೆಸ್ಸಿಗೆ, ಬಾವಿಗೆ ಚರಗ ಚೆಲ್ಲಿದರು. ಮುಂಬೈಯ ಮ್ಯಾನೇಜರರು ಇದೇನು ಗಲಾಟೆ ಎಂದು ಹೊರಗೆ ಬಂದವರು, ಸ್ವಲ್ಪ ಹೊತ್ತು ನೋಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತರಂತೆ. ನಿಂಗಪ್ಪನ ಹೊಲದಲ್ಲಿ ಮಾತ್ರ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಪ್ರತಿ ವರ್ಷ ನಡೆಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ಮುಂದಿನ ಕೂಗು ಅಪ್ಪನದಾಗಿತ್ತು. ಓಗೊಡುವವರಲ್ಲಿ ಕುಷ್ಟಗಿ ಸಾಲಿನ ಮರಿಯಪ್ಪನದು ಎಲ್ಲಕ್ಕಿಂತ ಮೇಲಿನ ದನಿ. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಅವನ 'ಗೋ' ಒಂದು ಎಳೆ ಉಳಿದುಕೊಂಡು, ಕೊನೆಯಲ್ಲಿ ಚಂಗನೆ ಮೇಲಕ್ಕೆ ಹಾರುತ್ತಿತ್ತು. ಮಕ್ಕಳೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಕಂಪನಿಯ ವ್ಯವಹಾರ ಕುಸಿಯಿತು. ಯಾಕೆ, ಹೇಗೆ ಎಂಬುದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಒಂದು ವರ್ಷ ಕೆಲಸಕ್ಕೆ ಕರೆಯುವ ಭೋಂಗಾ ಊದಲಿಲ್ಲ. ಮರುವರ್ಷ ಯಂತ್ರಗಳನ್ನು ಕಳಚಿ ರೈಲಿಗೆ ಹಾಕಿದರು. ಅಪ್ಪ ತಾವು ವರ್ಷಗಟ್ಟಲೆ ಎಣ್ಣೆ ಹಾಕಿ ಸಾಕಿದ ಇಂಜಿನ್ನನ್ನು ತಾವೇ ಕಳಚಿಕೊಟ್ಟು ಬಂದರು. ಮರಿಯಪ್ಪ ಅದೇ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ಅಣ್ಣ ಸೋಲಾಪುರದ ಮಿಲ್ಲಿಗೆ ಹೋದ. ಗಂಗಾವತಿ ಸಾಲಿನವರು ಗದ್ದೆ ಕೆಲಸ ಹುಡುಕಿಕೊಂಡು ಹೊಳೆಯ ಕಡೆ ಹೋದರು. ಮೂರು ಸಾಲಿನಲ್ಲಿ ಒಲೆ ಉರಿಯುವ ಮನೆ ನಮ್ಮದೊಂದೇ ಉಳಿಯಿತು.

ಅಪ್ಪನಿಗೆ ಬಿಟ್ಟುಹೋಗುವ ಮನಸ್ಸಿರಲಿಲ್ಲ. ಆದರೆ ಯಂತ್ರವಿಲ್ಲದ ಕಡೆ ಫಿಟ್ಟರ್ ಏನು ಮಾಡಬೇಕು? ಅಣ್ಣ ಸೋಲಾಪುರದಿಂದ, ಅಪ್ಪನಿಗೂ ಕೆಲಸ ಗೊತ್ತು ಮಾಡಿದ್ದೇನೆ, ಹೊರಟುಬನ್ನಿ ಎಂದು ಹೇಳಿ ಕಳಿಸಿದ. ಎಳ್ಳು ಅಮಾವಾಸ್ಯೆ ಮುಗಿಸಿಕೊಂಡು ಮರುದಿನದ ರೈಲಿಗೆ ಹೋಗುವುದೆಂದು ಆಯಿತು. ನಾವು ಹೋದರೆ ಓಣಿ ಇಲ್ಲವಾಗುತ್ತಿತ್ತು. ಅದು ಅಪ್ಪನಿಗೂ ಗೊತ್ತು, ನಮಗೂ ಗೊತ್ತು. ಅವ್ವ ಹಾಸಿಗೆ ಸುತ್ತಿ ಹಗ್ಗ ಬಿಗಿದಿಟ್ಟು, ಉಳಿದ ಪಾತ್ರೆಗಳಲ್ಲೇ ಹಬ್ಬದ ಅಡಿಗೆ ಮಾಡಿದಳು. ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡುಬು, ಎಣ್ಣೆಗಾಯಿ, ಮೊಸರನ್ನ. ಮೂವರಿಗೆ ಅಷ್ಟು ಯಾಕೆ ಎಂದು ಕೇಳಿದ್ದಕ್ಕೆ, ಚರಗ ಮೂವರಿಗಲ್ಲ ಎಂದಳು.

ಅಪ್ಪ ಮುಂದೆ, ಬುಟ್ಟಿ ಹೊತ್ತ ಅವ್ವ ನಡುವೆ, ನೀರಿನ ತಂಬಿಗೆ ಹಿಡಿದ ನಾನು ಹಿಂದೆ. ಓಗೊಡಲು ಬೇರೆ ಯಾರೂ ಇಲ್ಲದ್ದರಿಂದ ಆ ಕೆಲಸ ನನ್ನದಾಯಿತು. ಗೇಟಿನ ಹತ್ತಿರ ಅಪ್ಪ ಮೊದಲ ತುತ್ತು ಚೆಲ್ಲಿ ಕೂಗಿದರು. ನಾನು ಸಣ್ಣದಾಗಿ ಓಗೊಟ್ಟೆ. ಇಬ್ಬರ ದನಿಯೂ ಆ ಬಯಲಿನಲ್ಲಿ ಏನೂ ಅಲ್ಲದ ಹಾಗೆ ಕೇಳಿತು. ಬಾಯ್ಲರ್ ಮನೆಯ ಮಾಡಿನ ತಗಡು ಕಿತ್ತಿದ್ದರು. ಒಳಗೆ ಬಿಸಿಲು ಬಿದ್ದಿತ್ತು. ಅಲ್ಲಿಯೂ ಕೂಗಿ, ಪ್ರೆಸ್ ಮನೆಯನ್ನು ಬಳಸಿ ಹಿಂದಕ್ಕೆ ಬಂದೆವು. ಅಲ್ಲಿಂದ ಓಣಿಯ ಮೂರು ಸಾಲೂ ಒಟ್ಟಿಗೆ ಕಾಣುತ್ತವೆ. ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಅಪ್ಪ "ಹುಲ್ಲುಲ್ಲಿಗೋ" ಎಂದು ಕೂಗಿದರು. ನಾನು ಓಗೊಡಬೇಕಿತ್ತು. ಬಾಯಿ ತೆರೆಯಲಾಗಲಿಲ್ಲ.

"ಸಲಾಂಬ್ರಿಗೋ" ಎಂದು ಓಗೊಟ್ಟಿತು.

ಒಬ್ಬರಲ್ಲ, ಬಹಳ ಜನ. ಹಬ್ಬದ ದಿನ ಮೂರು ಸಾಲೂ ಸೇರಿ ಕೂಗುತ್ತಿದ್ದಾಗ ಹೇಗೋ ಹಾಗೆ. ಗಂಡಸರ ದಪ್ಪ ದನಿ, ಅದರೊಳಗೆ ಹೆಂಗಸರದು, ಹುಡುಗರ ಚೀರು. ಎಲ್ಲ ನಿಂತ ಮೇಲೆ ಒಂದು ಎಳೆ ಉಳಿದುಕೊಂಡು, ಕೊನೆಯಲ್ಲಿ ಚಂಗನೆ ಮೇಲಕ್ಕೆ ಹಾರಿತು. ಅವ್ವ ನಿಂತಲ್ಲೇ ನಿಂತು ಅಣ್ಣನ ಹೆಸರು ಹಿಡಿದು ಕರೆದಳು. ಅವನ ದನಿ ನನಗೂ ಕೇಳಿತ್ತು. ಸತ್ತವರ ದನಿ ಮಾತ್ರ ಕೇಳಿದ್ದರೆ ಜನ ಇದನ್ನು ದೆವ್ವದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅಣ್ಣ ಸೋಲಾಪುರದಲ್ಲಿ ಗಟ್ಟಿಮುಟ್ಟಾಗಿದ್ದ.

ಅಪ್ಪ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ನಾನಲ್ಲ ಎಂದು. ಅವರು ಅವ್ವನ ಬುಟ್ಟಿಯಿಂದ ಇನ್ನೊಂದು ತುತ್ತು ತೆಗೆದು ಚೆಲ್ಲಿ, ಮತ್ತೆ ಕೂಗಿದರು. ಮತ್ತೆ ಓಗೊಟ್ಟಿತು. ಜಿನ್ನಿನ ಮನೆಯ ಹತ್ತಿರ, ಬಾವಿಯ ಹತ್ತಿರ, ಬೇಲಿಯ ಉದ್ದಕ್ಕೂ, ಅಪ್ಪ ಕೂಗಿದಾಗಲೆಲ್ಲ ಓಗೊಟ್ಟಿತು. ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಎದೆ ಉಬ್ಬಿ ಬಂತು. ಕಾಂಪೌಂಡಿನ ಕೊನೆಯ ಮೂಲೆಯಲ್ಲಿ ನಾನೂ ಬಾಯಿ ತೆರೆದು ಆ ದನಿಗಳ ಜೊತೆಗೆ ಕೂಗಿದೆ. ಗೇಟಿಗೆ ಬಂದು ಸುತ್ತು ಮುಗಿದ ಮೇಲೆ ಎಲ್ಲ ಸುಮ್ಮನಾಯಿತು.

ಅಷ್ಟರಲ್ಲಿ ನಿಂಗಪ್ಪ ತನ್ನ ಹೊಲದ ಬೇಲಿಯ ಹತ್ತಿರ ಬಂದು ನಿಂತಿದ್ದ. ಎಂಜಲು ಕೈ ಹಾಗೆಯೇ ಇತ್ತು.

"ಫಿಟ್ಟರಪ್ಪಾರ, ನಿಮ್ಮ ಮಂದಿ ಎಲ್ಲಾ ತಿರುಗಿ ಬಂದಾರೇನ್ರಿ?" ಎಂದು ಕೇಳಿದ. "ನಮ್ಮದು ಮುಗಿಸಿ ಉಣ್ಣಾಕ ಕುಂತಿದ್ವಿ. ಭಾಳ ದನಿ ಕೇಳಿ ಎದ್ದು ಬಂದೆ."

ಅಪ್ಪ ಅವನನ್ನು ನೋಡಿದರು, ಹಿಂದಿನ ಖಾಲಿ ಓಣಿಯನ್ನು ನೋಡಿದರು. ಆಮೇಲೆ ನೆಟ್ಟಗೆ ನಿಂತು ಹೇಳಿದರು:

"ಹೌದ್ರಿ. ಬಂದಾರ."

ಮನೆಗೆ ಬಂದೆವು. ಅವ್ವ ಬುಟ್ಟಿ ಇಳಿಸಿ, "ಹಾಸಿಗಿ ಬಿಚ್ಚಲೇನ್ರಿ?" ಎಂದು ಕೇಳಿದಳು.

"ಬಿಚ್ಚು," ಎಂದರು ಅಪ್ಪ. "ಬಂದಾರ ಅಂತ ಹೇಳಿಬಿಟ್ಟೀನಿ. ನಾಳಿಗೆ ನಾನಽ ಇಲ್ಲದಿದ್ರ ಹ್ಯಾಂಗ?"

ಮರುದಿನ ನಾನು ಒಬ್ಬಳೇ ಪ್ರೆಸ್ ಮನೆಯ ಹಿಂದೆ ಹೋದೆ. ಇದು ಗುಡ್ಡದ ಮಾರ್ದನಿಯೇ ಇರಬೇಕೆಂದು ನನ್ನ ಎಣಿಕೆ. ಅದೇ ಜಾಗದಲ್ಲಿ ನಿಂತು "ಹುಲ್ಲುಲ್ಲಿಗೋ" ಎಂದು ಕೂಗಿದೆ. ಗುಡ್ಡ "ಹುಲ್ಲುಲ್ಲಿಗೋ" ಎಂದಿತು. ಇನ್ನೊಮ್ಮೆ ಕೂಗಿದೆ. ಮತ್ತೆ ಅದೇ. ಗುಡ್ಡ ನಾವು ಕೊಟ್ಟ ಮಾತನ್ನೇ ಹಿಂದಕ್ಕೆ ಕೊಡುತ್ತದೆ. ಕೊಡದ ಮಾತನ್ನು ಎಲ್ಲಿಂದ ತರಬೇಕು? ದೂರದ ಬೇರೆ ಹೊಲಗಳಲ್ಲಿ ಚರಗ ಚೆಲ್ಲುವವರ ದನಿ ಗಾಳಿಯಲ್ಲಿ ಬಂದಿರಬಹುದು ಎಂದು ನನ್ನ ಯಜಮಾನರು ಮುಂದೊಮ್ಮೆ ಹೇಳಿದರು. ಇರಬಹುದು. ಆದರೆ ಅಪ್ಪ ಕೂಗುವವರೆಗೆ ಕಾದು, ಕೂಗಿದೊಡನೆ ಬರುವ ಗಾಳಿಯನ್ನು ನಾನಂತೂ ಕಂಡಿಲ್ಲ. ಅಣ್ಣನನ್ನೂ ಕೇಳಿದೆ. ಆ ಹೊತ್ತಿಗೆ ಮಿಲ್ಲಿನಲ್ಲಿದ್ದೆ, ಅಮಾವಾಸ್ಯೆ ಎಂಬುದೇ ನೆನಪಿರಲಿಲ್ಲ ಎಂದು ನಕ್ಕುಬಿಟ್ಟ.

ನಾವು ಉಳಿದೆವು. ಕಂಪನಿಯ ಜಾಗ ನೋಡಿಕೊಳ್ಳುತ್ತಿದ್ದವರನ್ನು ಕೇಳಿ ಅಪ್ಪ ಬಾಯ್ಲರ್ ಮನೆಗೆ ಚಪ್ಪರ ಹಾಕಿ, ಎಣ್ಣೆ ಇಂಜಿನ್ನುಗಳ ರಿಪೇರಿ ಶುರು ಮಾಡಿದರು. ಫಿಟ್ಟರಪ್ಪ ಅಲ್ಲೇ ಇದ್ದಾನಂತೆ ಎಂಬ ಸುದ್ದಿ ಹೇಗೋ ಹರಡಿತು. ಮೊದಲು ಕುಷ್ಟಗಿ ಸಾಲಿಗೆ ಒಂದು ಮನೆತನ ಬಂತು, ಮರಿಯಪ್ಪನ ಮಗನದು. ಆಮೇಲೆ ಮುನಿರಾಬಾದಿನ ಕಡೆ ಅಣೆಕಟ್ಟಿನ ಕೆಲಸ ಶುರುವಾಯಿತು; ಕಬ್ಬಿಣ ಬಲ್ಲವರಿಗೆ ಕೈತುಂಬ ಕೆಲಸ. ಒಂದೊಂದೇ ಬಾಗಿಲು ತೆರೆಯಿತು. ನಿಂಗಪ್ಪ ತನ್ನ ಕಬ್ಬಿನ ಗಾಣ ರಿಪೇರಿಗೆ ನಮ್ಮಲ್ಲಿಗೇ ತಂದ. ಕೊಪ್ಪಳದಲ್ಲಿ ಯಾರಾದರೂ ದಾರಿ ಕೇಳಿದರೆ "ಕಂಪನಿ ಊರು" ಎಂದು ಮೊದಲು ಹೇಳಿದವನು ಅವನೇ. ಈ ಮಾತನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ನಿಜಾಮರ ರಾಜ್ಯ ಹೋದ ಮರುವರ್ಷ ಅಪ್ಪ ತೀರಿಕೊಂಡರು. ಅದಾದ ಮೇಲೆ ಬಂದ ಎಳ್ಳು ಅಮಾವಾಸ್ಯೆಗೆ ಅಣ್ಣ ಸೋಲಾಪುರದಿಂದ ಬಂದಿದ್ದ, ಕೊಪ್ಪಳ ಪೇಟೆಗೆ ಕೊಟ್ಟಿದ್ದ ನಾನೂ ತವರಿಗೆ ಬಂದಿದ್ದೆ. ಮೂರು ಸಾಲಿನ ಜನವೂ ಗೇಟಿನ ಮುಂದೆ ಸೇರಿತ್ತು. ಮುಂದಿನ ಕೂಗು ಅಣ್ಣನದೆಂದು ಎಲ್ಲರೂ ಕಾದರು. ಅವನು ತುತ್ತು ಕೈಯಲ್ಲಿ ಹಿಡಿದ. ಬಾಯಿಂದ ದನಿ ಹೊರಡಲಿಲ್ಲ. ಅದು ಯಾಕೆಂದು ನನ್ನಷ್ಟು ಚೆನ್ನಾಗಿ ಯಾರಿಗೆ ತಿಳಿಯಬೇಕು? ಅವನ ಕೈಯಿಂದ ತುತ್ತು ಇಸಿದುಕೊಂಡು, ಹೆಣ್ಣುಮಕ್ಕಳು ಮುಂದೆ ಕೂಗುವ ಪದ್ಧತಿ ಇಲ್ಲವೆಂದು ಹಿರಿಯರೊಬ್ಬರು ಗೊಣಗುತ್ತಿರುವಾಗಲೇ, ನಾನು ಚರಗ ಚೆಲ್ಲಿ ಕೂಗಿದೆ.

ಓಗೊಟ್ಟಿತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಅದರೊಳಗೆ ಅಪ್ಪನ ದನಿ ಇದೆಯೋ ಎಂದು ಹುಡುಕಿದೆ. ಸುತ್ತು ಮುಗಿಯುವವರೆಗೂ ಪ್ರತಿ ಸಲವೂ ಹುಡುಕಿದೆ. ಇತ್ತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಓಗೊಟ್ಟ ಜನ ಅಷ್ಟಿದ್ದರು.