ಸೋಸಿದ ನೀರು

ಸಮುದ್ರದ ಪಾಚಿಯ ಮೇಲೆ ಡಾಕ್ಟರೇಟ್ ಮಾಡಿದವಳನ್ನು ಸರಕಾರ ಆಳಂದಕ್ಕೆ ಹಾಕಿತು. ಸರಕಾರದ ತಪ್ಪಲ್ಲ, ಹುದ್ದೆ ಖಾಲಿ ಇದ್ದದ್ದೇ ಅಲ್ಲಿ. ಕಾರವಾರದ ಬಂಡೆಗಳ ನಡುವೆ ಮೊಣಕಾಲುದ್ದ ನೀರಿನಲ್ಲಿ ವರ್ಷಗಟ್ಟಲೆ ನಿಂತು, ಕೆಂಪು, ಕಂದು, ಹಸಿರು ಎಂದು ಬೇರ್ಪಡಿಸಿ, ಒಣಗಿಸಿ, ಹಾಳೆಗೆ ಅಂಟಿಸಿ ತಂದ ನನ್ನ ಮೂರು ಟ್ರಂಕುಗಳು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ, ಮುರಿದ ಬೆಂಚುಗಳ ಪಕ್ಕ ಕುಳಿತವು. ಅವುಗಳನ್ನು ಬಿಚ್ಚಿ ತೋರಿಸಿದಾಗ ಪ್ರಿನ್ಸಿಪಾಲರು ಇದನ್ನು ಪಲ್ಯ ಮಾಡುತ್ತಾರೋ ಚಟ್ನಿ ಮಾಡುತ್ತಾರೋ ಎಂದು ಕೇಳಿದರು.

ನಾನೇನು ಹೊರಗಿನವಳಲ್ಲ. ಅಫಜಲಪುರ ತಾಲೂಕಿನ ಗೊಬ್ಬೂರಿನವಳು. ಡಾಕ್ಟರೇಟ್ ಬಂದಾಗ ಊರಿಗೆ ಹೋದರೆ ನೆಂಟರೆಲ್ಲ ಸಾಲಾಗಿ ಕುಳಿತು ಸೊಂಟನೋವು, ಮಂಡಿನೋವು ಹೇಳಿಕೊಂಡರು. ನಾನು ಅಂಥ ಡಾಕ್ಟರ್ ಅಲ್ಲ, ನೀರಿನ ಹಾವಸೆಯ ಡಾಕ್ಟರ್ ಎಂದಾಗ ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿದಳು.

"ನಾವು ಸೋಸಿ ಚೆಲ್ಲೂದಕ್ಕ ನಿನಗ ಡಾಕ್ಟರ್ ಕೊಟ್ಟಾರೇನಬೇ?"

ನೆಂಟರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮುಂದೆ ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿ ನಗಿಸಿದೆನೋ ಲೆಕ್ಕವಿಲ್ಲ. ನಗುವುದನ್ನು ಬಿಟ್ಟು ಒಮ್ಮೆಯಾದರೂ ಅದನ್ನು ಯೋಚಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಸಮುದ್ರ ಇಲ್ಲದ ಮೇಲೆ ಇದ್ದ ನೀರಿಗೇ ಇಳಿದೆ. ಭೀಮೆಯ ದಂಡೆ, ಹೊಲದ ಬಾವಿ, ರಸ್ತೆ ಬದಿಯ ತಗ್ಗು, ಯಾವುದನ್ನೂ ಬಿಡಲಿಲ್ಲ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದೋಣಿಯಂಥವು, ಅರ್ಧಚಂದ್ರದಂಥವು, ಸುರುಳಿ ಸುತ್ತಿದ ದಾರದಂಥವು ಕಾಣುತ್ತವೆ. ಪುಸ್ತಕ ತೆರೆದಿಟ್ಟುಕೊಂಡು ಒಂದೊಂದನ್ನೂ ಹೆಸರಿಟ್ಟು ಗುರುತಿಸುವ ಸುಖ ಅನುಭವಿಸಿದವರಿಗೇ ಗೊತ್ತು. ಜೇವರ್ಗಿಯಲ್ಲಿ ಒಮ್ಮೆ ಬಸ್ಸಿಗೆ ಕಾಯುತ್ತ ಗಟಾರದ ನೀರನ್ನು ಶೀಶೆಗೆ ತುಂಬಿಕೊಳ್ಳುತ್ತಿದ್ದಾಗ ನಾಲ್ಕು ಜನ ಸೇರಿ ನನ್ನ ಕಿವಿಯೋಲೆ ಹುಡುಕತೊಡಗಿದರು. ಓಲೆ ಬಿದ್ದಿಲ್ಲ, ನನಗೆ ಬೇಕಾದದ್ದು ಗಟಾರದ ನೀರೇ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಿದು ನಿಂತರು.

ಹೀಗೆ ನನ್ನ ವಿದ್ಯೆಯನ್ನು ಯಾರೂ ಕೇಳದೆ ಹತ್ತು ವರ್ಷ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಕೇಳಿಕೊಂಡು ಬಂದಳು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಮಾದನಹಿಪ್ಪರಗಾದ ಕಡೆಯ ಒಂದು ಸಣ್ಣ ಹಳ್ಳಿಯಿಂದ ಬಸ್ಸು ಹಿಡಿದು, ಮಗಳನ್ನು ಮುಂದೆ ಮಾಡಿಕೊಂಡು ವಿಭಾಗದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ಅವರೂರಿನ ಕೆರೆ ಬಣ್ಣ ಕಲಸಿದಷ್ಟು ಹಸಿರಾಗಿತ್ತಂತೆ. ಅವಳ ಎಮ್ಮೆ ತುಂಬು ಗಬ್ಬ. ಕೆರೆಯ ನೀರಿಗೆ ಹೆದರಿ, ಊರಿನ ಆ ತುದಿಯ ಬೋರಿನಿಂದ ವಾರದಿಂದ ಕೊಡ ಹೊತ್ತು ತಂದು ಕುಡಿಸುತ್ತಿದ್ದಳು. ಎಮ್ಮೆಯ ಬಾಯಾರಿಕೆಗೆ ಕೊಡದ ಲೆಕ್ಕ ಎಲ್ಲಿಯದು, ಹೆಗಲು ಕಳಚಿ ಬಿದ್ದಿತ್ತು.

"ಎಮ್ಮಿ ಇವತ್ತ ನಾಳಿ ಈಯೂ ಹಂಗದರಿ, ಮೇಡಂ. ಕೆರಿ ನೀರ ಕುಡಸ್ಲೋ ಬ್ಯಾಡೋ, ಅಷ್ಟ ಹೇಳ್ರಿ."

ಆಗಲೇ ಎದ್ದು ಅವಳ ಜೊತೆ ಬಸ್ಸು ಹತ್ತಬೇಕಿತ್ತು. ಆದರೆ ಹೊರಗೆ ಬಿಸಿಲು ಕೆಂಡ ಸುರಿಯುತ್ತಿತ್ತು, ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಒಂದು ಬಾಟಲಿಯಲ್ಲಿ ಕೆರೆಯ ನೀರು ತುಂಬಿ ತಾ, ನೋಡಿ ಹೇಳುತ್ತೇನೆ ಎಂದೆ. ಅವಳು ಕೈ ಮುಗಿದು ಹೋದಳು.

ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಸಮಾಜಕ್ಕೆ ನೀವೇನು ಮಾಡಿದ್ದೀರಿ ಎಂಬ ಕಾಲಮ್ಮಿನಲ್ಲಿ ತುಂಬಲು ಅವರಿಗೆ ಗಿಡ ನೆಟ್ಟ ಹಳೆಯ ಫೋಟೋ ಒಂದೇ ಇತ್ತು, ಆ ಗಿಡವೂ ಒಣಗಿತ್ತು. ಮರುದಿನ ಹೆಣ್ಣುಮಗಳು ಬಾಟಲಿ ಹಿಡಿದು ಬರುವಷ್ಟರಲ್ಲಿ ನನ್ನ ಟೇಬಲ್ಲಿನ ಹಿಂದೆ 'ಪ್ರಯೋಗಾಲಯದಿಂದ ಹಳ್ಳಿಗೆ' ಎಂಬ ಬ್ಯಾನರು ತೂಗುತ್ತಿತ್ತು. ನಾನು ಮೈಕ್ರೋಸ್ಕೋಪಿನ ಮೇಲೆ ಬಾಗಿದೆ, ಅವಳು ಬಾಟಲಿ ಎತ್ತಿ ಹಿಡಿದಳು, ಪ್ರಿನ್ಸಿಪಾಲರು ನಡುವೆ ನಿಂತರು. ಫೋಟೋ ಚೆನ್ನಾಗಿ ಬಂತು.

ಬಾಟಲಿಯ ನೀರು ತಿಳಿಯಾಗಿತ್ತು. ಹಸಿರೆಲ್ಲಿ? ಒಂದು ಹನಿ ನೋಡಿದೆ, ಹತ್ತು ಹನಿ ನೋಡಿದೆ. ಅಲ್ಲೊಂದು ಇಲ್ಲೊಂದು ಬಡಪಾಯಿ ಕಣ ಬಿಟ್ಟರೆ ಏನೂ ಇಲ್ಲ. ಈ ಹಳ್ಳಿಯ ಮಂದಿಗೆ ಕಡ್ಡಿ ಗುಡ್ಡವಾಗುತ್ತದೆ ಎಂದು ಒಳಗೇ ನಕ್ಕೆ. ಸಾಲದ್ದಕ್ಕೆ ಮಗಳನ್ನು ಕರೆದು, ನೋಡು, ಬರಿಗಣ್ಣಿಗೂ ಶಾಸ್ತ್ರಕ್ಕೂ ಇರುವ ವ್ಯತ್ಯಾಸ ಇದು ಎಂದು ಪಾಠ ಬೇರೆ ಮಾಡಿದೆ. ತಾಯಿಗೆ, ಕುಡಿಸು, ಏನೂ ಆಗುವುದಿಲ್ಲ ಎಂದೆ. ಅವಳ ಮುಖದಲ್ಲಿ ಕೊಡ ಇಳಿಸಿಟ್ಟ ಸಮಾಧಾನ ಕಂಡಿತು.

ಪ್ರಿನ್ಸಿಪಾಲರು ಲಿಖಿತವಾಗಿ ಕೊಡಿ ಎಂದರು. 'ತಂದ ಮಾದರಿಯಲ್ಲಿ ಹಾನಿಕಾರಕ ಪಾಚಿ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ. ಅದರ ಒಂದು ಪ್ರತಿ ಪಂಚಾಯಿತಿಗೆ ಹೋಯಿತು. ಅಲ್ಲಿಯವರು 'ತಂದ ಮಾದರಿಯಲ್ಲಿ' ಎಂಬುದನ್ನು ಬಿಟ್ಟು, 'ಕೆರೆಯ ನೀರಿನಲ್ಲಿ ಯಾವ ದೋಷವೂ ಇಲ್ಲ, ಡಾಕ್ಟರ್ ಮೇಡಂ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ಪ್ಲಾಸ್ಟಿಕ್ ಹೊದಿಸಿ, ದಂಡೆಯ ಬೇವಿನ ಮರಕ್ಕೆ ಮೊಳೆ ಹೊಡೆದರು. ಅಂತೂ ಹಾವಸೆಯ ಡಾಕ್ಟರನ್ನು ಒಂದು ಊರು ಡಾಕ್ಟರೆಂದು ಒಪ್ಪಿತು ಎಂದು ನಾನು ಹಿರಿಹಿರಿ ಹಿಗ್ಗಿದೆ.

ಆಮೇಲೆ ನಾಲ್ಕು ದಿನ ಆ ಹುಡುಗಿ ಕ್ಲಾಸಿಗೆ ಬರಲಿಲ್ಲ. ಐದನೆಯ ದಿನ ಬಂದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಳು. ಏನಾಯಿತೆಂದು ಕೇಳಿದೆ. ಎಮ್ಮೆ ಸತ್ತಿತ್ತು. ಮೊದಲ ದಿನ ಕೆರೆಯ ದಂಡೆಗೆ ಹೊಡೆದುಕೊಂಡು ಹೋಗಿ ಹೊಟ್ಟೆ ತುಂಬ ಕುಡಿಸಿದ್ದರು. ಮರುದಿನ ಮೇವು ಬಿಟ್ಟಿತು, ಕಾಲು ನಡುಗಿತು, ಮಲಗಿದ್ದು ಏಳಲಿಲ್ಲ. ಕರುವೂ ಹೊಟ್ಟೆಯಲ್ಲೇ ಹೋಯಿತು. ದನದ ಡಾಕ್ಟರು ಕಾರಣ ಹೇಳಲಾರದೆ ಹೋದರಂತೆ.

ಮೈಕ್ರೋಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಬಸ್ಸಿಗೇ ಹೋದೆ. ಕೆರೆ ದೂರದಿಂದಲೇ ಕಂಡಿತು. ಗಾಳಿ ತಳ್ಳಿದ ಕಡೆ ದಂಡೆಗುಂಟ ಹಸಿರು ಕೆನೆ ಗಟ್ಟಿಯಾಗಿ ಕೂತಿತ್ತು. ಕೆರೆಯ ಕಟ್ಟೆಯ ಮೇಲೇ ಕುಳಿತು ಒಂದು ಹನಿ ನೋಡಿದೆ. ಪುಸ್ತಕ ತೆರೆಯುವ ಅಗತ್ಯವೇ ಬೀಳಲಿಲ್ಲ. ದನಗಳನ್ನು ಕೊಲ್ಲಬಲ್ಲ ನೀಲಿ-ಹಸಿರು ಪಾಚಿ, ಮುದ್ದೆ ಮುದ್ದೆಯಾಗಿ, ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಬೇವಿನ ಮರಕ್ಕೆ ಹೊಡೆದಿದ್ದ ಆ ಹಾಳೆಯನ್ನು ಕಿತ್ತೆ. ಅಲ್ಲಿದ್ದ ಪಂಚಾಯಿತಿಯವನೊಬ್ಬ, ಹಾಗೆಲ್ಲ ತೆಗೆಯಲು ಬರುವುದಿಲ್ಲ, ಹೊಸ ರಿಪೋರ್ಟು ಪ್ರಿನ್ಸಿಪಾಲರ ಸಹಿಯೊಂದಿಗೆ ಬರಬೇಕು ಎಂದ. ಅವನ ಮುಂದೆಯೇ ಹರಿದು ಚೂರು ಮಾಡಿದೆ. ಈ ನೀರಿಗೆ ದನ ಬಿಡಬೇಡಿ ಎಂದು ದಂಡೆಯಲ್ಲಿ ಸಿಕ್ಕವರಿಗೆಲ್ಲ ಕೂಗಿ ಹೇಳಿ ಹುಡುಗಿಯ ತಾಯಿಯ ಮನೆಗೆ ಹೋದೆ.

ಕೊಟ್ಟಿಗೆಯಲ್ಲಿ ಗೂಟ ಇತ್ತು, ಹಗ್ಗ ಇತ್ತು. ಅವಳು ನನ್ನನ್ನು ಬೈಯಲಿಲ್ಲ. ಬರ್ರಿ, ಕೂಡ್ರಿ ಎಂದು ಚಾಪೆ ಹಾಸಿ ತಂಬಿಗೆಯಲ್ಲಿ ನೀರು ಕೊಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು. ಅವತ್ತು ಬಾಟಲಿಗೆ ನೀರನ್ನು ಎಲ್ಲಿಂದ, ಹೇಗೆ ತುಂಬಿದೆ ಎಂದು ಕೇಳಿದೆ. ಕೆರೆಯಿಂದಲೇ ತುಂಬಿದ್ದು ಎಂದಳು. ಆಮೇಲೆ, ನಾನು ಕೇಳಬೇಕಾಗಿಯೇ ಇಲ್ಲದ ಮಾತು ಎಂಬಂತೆ, ಗೋಡೆಯ ಮೊಳೆಗೆ ಸಿಗಿಸಿದ್ದ ಬಟ್ಟೆಯನ್ನು ತೋರಿಸಿದಳು. ಹಳೆಯ ಧೋತರದ ತುಂಡು, ನಾಲ್ಕು ಮಡಿಕೆ. ನಡುವೆ ಅಂಗೈಯಗಲ ಹಸಿರು ಒಣಗಿ ಗಟ್ಟಿಯಾಗಿತ್ತು.

"ಎರಡ ಸಲ ಸೋಸೀನ್ರಿ. ನೀವು ಓದಿದ ಮಂದಿ, ನಿಮ್ಮ ಕೈಯಾಗ ಹೊಲಸ ನೀರ ಹ್ಯಾಂಗ ಕೊಡ್ಲಿ?"

ನನ್ನ ಅವ್ವನೂ ಜೀವಮಾನದಲ್ಲಿ ಸೋಸದ ನೀರನ್ನು ಯಾರ ಕೈಗೂ ಕೊಟ್ಟವಳಲ್ಲ. ಈ ಸೀಮೆಯಲ್ಲಿ ಹುಟ್ಟಿ, ಆ ನೀರನ್ನೇ ಕುಡಿದು ಬೆಳೆದ ನನಗೆ, ತಿಳಿಯಾದ ಬಾಟಲಿ ನೋಡಿದಾಗ ಸೋಸಿದೆಯೇನು ಎಂದು ಒಂದು ಮಾತು ಕೇಳುವ ಬುದ್ಧಿ ಹೊಳೆಯಲಿಲ್ಲ. ತಪ್ಪು ನಿನ್ನದಲ್ಲ, ನನ್ನದು, ನಾನು ಬಂದು ನೋಡಬೇಕಿತ್ತು ಎಂದು ಅವಳ ಮುಂದೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಳುವಾಗ ಆ ಬಟ್ಟೆ ನನಗೆ ಬೇಕೆಂದೆ. ಅವಳು ತಕ್ಷಣ ಅದನ್ನು ಮೊಳೆಯಿಂದ ತೆಗೆದು ಹಿತ್ತಲಿಗೆ ನಡೆದಳು. ಯಾಕೆಂದು ನೋಡಿದರೆ ಒಂದು ಕೈಯಲ್ಲಿ ಸಾಬೂನು. ಓಡಿ ಹೋಗಿ ಅವಳ ಕೈ ಹಿಡಿದೆ. ತೊಳೆಯಬೇಡಕ್ಕ, ನನಗೆ ಬೇಕಾದದ್ದು ಆ ಹೊಲಸೇ, ಅವತ್ತೂ ನಾನು ಕೇಳಿದ್ದು ಅದನ್ನೇ ಎಂದೆ. ಅವಳು ಬಟ್ಟೆಯನ್ನೂ ನನ್ನನ್ನೂ ನೋಡಿದಳು.

"ಹಂಗಂತ ಅವತ್ತ ಹೇಳಬೇಕಿತ್ತಲ್ರಿ, ಮೇಡಂ."